ಎರಡು ಕಾಸು ಬಿದ್ದ ಅಂಗಳ



ಉಪ್ಪಳದಿಂದ ಬಸ್ಸು ಹತ್ತಿ, ಕೈಕಂಬದಲ್ಲಿ ತಿರುಗಿ, ಜೋಡುಕಲ್ಲು ದಾಟಿ ನಮ್ಮ ಪೈವಳಿಕೆಗೆ ಬರುವವರು ದಾರಿಯುದ್ದಕ್ಕೂ ಕಾಣಿಕೆ ಡಬ್ಬಿಗಳನ್ನು ನೋಡಿರುತ್ತೀರಿ. ಒಂದು ದೇವಸ್ಥಾನದ್ದು, ಒಂದು ಭಜನಾ ಮಂದಿರದ್ದು, ಒಂದು ಮಸೀದಿಯದ್ದು. ಕಯ್ಯಾರಿನ ಕಡೆ ಹೋದರೆ ಇಗರ್ಜಿಯದ್ದೂ ಉಂಟು. ಬಣ್ಣ ಬೇರೆ, ಬರಹ ಬೇರೆ. ಡಬ್ಬಿಯ ಬಾಯಿ ಮಾತ್ರ ಎಲ್ಲ ಕಡೆಯೂ ಒಂದೇ ತರ: ಕಾಸು ಇಳಿಯುವಷ್ಟು ಅಗಲ, ಕೈ ಇಳಿಯದಷ್ಟು ಕಿರಿದು.

ನನ್ನ ಅಜ್ಜಿ ಸೆರಗಿನ ತುದಿಯಲ್ಲಿ ನಾಣ್ಯ ಗಂಟು ಹಾಕಿಕೊಂಡೇ ಮನೆಯಿಂದ ಹೊರಡುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮುಡಿಪು ಕಟ್ಟುತ್ತಿದ್ದರು. ಆ ಗಂಟು ಬಿಚ್ಚುವಾಗ ಅವರ ಬೆರಳು ಅವಸರ ಮಾಡುತ್ತಿರಲಿಲ್ಲ. ಸುವಾರ್ತೆಯಲ್ಲಿ ಬರುವ ಆ ಬಡ ವಿಧವೆಯ ಕಥೆಯನ್ನು ಓದಿದಾಗಲೆಲ್ಲ ನನಗೆ ಕಾಣುವುದು ಆ ಬೆರಳುಗಳೇ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕಥೆಯ ಬಗ್ಗೆ. ಕಥೆಗಿಂತ ಹೆಚ್ಚಾಗಿ ಅದು ನಡೆದ ಅಂಗಳದ ಬಗ್ಗೆ. ಅಂಗಳ ಕಾಣದಿದ್ದರೆ ಕಥೆ ಅರ್ಧವೇ ಕಂಡ ಹಾಗೆ ಎಂಬುದು ನನ್ನ ನಂಬಿಕೆ.

ಕಥೆ ಚಿಕ್ಕದು. ಮಾರ್ಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದ ಕೊನೆಗೆ ಬರುತ್ತದೆ. ಯೇಸು ಜೆರುಸಲೇಮಿನ ದೇವಾಲಯದಲ್ಲಿ ಕಾಣಿಕೆ ಪೆಟ್ಟಿಗೆಗಳ ಎದುರಿಗೆ ಕುಳಿತಿದ್ದಾನೆ. ಉಳ್ಳವರು ಬಂದು ಬಹಳ ಹಾಕಿ ಹೋಗುತ್ತಾರೆ. ಆಮೇಲೆ ಒಬ್ಬ ಬಡ ವಿಧವೆ ಬಂದು ಎರಡು ಕಾಸು ಹಾಕುತ್ತಾಳೆ. ಯೇಸು ಶಿಷ್ಯರನ್ನು ಹತ್ತಿರ ಕರೆದು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆಯೇ, ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಈಕೆ ತನ್ನ ಬದುಕನ್ನೇ ಹಾಕಿದಳು ಎನ್ನುತ್ತಾನೆ. ಅಷ್ಟೇ. ಅವಳ ಹೆಸರಿಲ್ಲ, ಊರಿಲ್ಲ. ಯೇಸು ಅವಳೊಡನೆ ಮಾತಾಡಿದನೆಂದೂ ಇಲ್ಲ.

ಕ್ರಿಸ್ತನ ಕಥೆ ನಮ್ಮ ಈ ಗಡಿನಾಡಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1840ರ ದಶಕದಲ್ಲೇ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿದ್ದರು. ಆಮೇಲೆ, ಇಲ್ಲಿಂದ ಒಂದು ಬಸ್ಸಿನ ದಾರಿಯಷ್ಟು ದೂರದ ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಯವರು 1930ರ ದಶಕದಲ್ಲಿ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದರು. ಯೇಸುವಿನ ಕಡೆಯ ದಿನವೇ ಅದರ ವಸ್ತು. ಪೈಯವರು ಭಕ್ತಿಯಿಂದ ಬರೆದರು, ಜೊತೆಗೆ ಅವರೊಬ್ಬ ಹಟದ ಸಂಶೋಧಕ. ಬುದ್ಧನ ನಿರ್ವಾಣದ ಕಾಲವನ್ನು ಲೆಕ್ಕ ಹಾಕಿ ಹುಡುಕಿದವರು, ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ತುಣುಕಿನಲ್ಲಿ ಕನ್ನಡದ ಮಾತುಗಳಿವೆಯೇ ಎಂದು ಅಕ್ಷರ ಬಿಡಿಸಿ ನೋಡಿದವರು. ಭಕ್ತಿಯ ಕಥೆಗೂ ಕಾಲ, ಸ್ಥಳ ಕೇಳುವುದು ಅಪಚಾರವಲ್ಲ ಎಂದು ಕಲಿಸಿಕೊಟ್ಟ ಹಿರಿಯರು ಅವರು. ಆ ಧೈರ್ಯದಲ್ಲೇ ನಾನೂ ಕೇಳುತ್ತಿದ್ದೇನೆ: ಆ ಪೆಟ್ಟಿಗೆ ಎಲ್ಲಿತ್ತು? ಆ ಕಾಸು ಯಾವುದು? ಯಾರ ಅಂಗಳ ಅದು?

ದೇವಾಲಯ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮಧೂರಿನ ಗಜಪೃಷ್ಠ, ತಾಮ್ರದ ಮಾಡು, ಒಳಗೆ ಎಣ್ಣೆದೀಪದ ಬೆಳಕಿನಲ್ಲಿ ದೇವರ ಮುಖ. ಜೆರುಸಲೇಮಿನದು ಹಾಗಲ್ಲ. ಅಲ್ಲಿ ಮೂರ್ತಿ ಇರಲಿಲ್ಲ. ಅತ್ಯಂತ ಒಳಗಿನ ಕೋಣೆ ಬರಿದಾಗಿತ್ತು. ಮಹಾಯಾಜಕ ವರ್ಷಕ್ಕೆ ಒಂದು ದಿನ ಮಾತ್ರ ಆ ಬರಿದಿನೊಳಗೆ ಹೋಗುತ್ತಿದ್ದ. ಆದರೆ ಒಂದು ವಿಷಯದಲ್ಲಿ ನಮ್ಮ ಕರಾವಳಿಯ ದೇವಸ್ಥಾನ ತಿಳಿದವನಿಗೆ ಆ ದೇವಾಲಯ ಬೇಗ ಅರ್ಥವಾಗುತ್ತದೆ. ಹೊರಾಂಗಣ, ಸುತ್ತುಪೌಳಿ, ಒಳಾಂಗಣ, ನಮಸ್ಕಾರ ಮಂಟಪ, ಗರ್ಭಗುಡಿ ಎಂದು ನಾವು ಒಂದೊಂದೇ ಹೊಸ್ತಿಲು ದಾಟುವ ಹಾಗೆ ಅಲ್ಲಿಯೂ ಅಂಗಳದೊಳಗೆ ಅಂಗಳ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಹೊಸ್ತಿಲು ಹೊಸ್ತಿಲಿಗೂ ಗೊತ್ತು.

ರಾಜ ಸೊಲೊಮೋನ ಕಟ್ಟಿಸಿದ ಮೊದಲನೆಯ ದೇವಾಲಯವನ್ನು ಬಾಬಿಲೋನಿನವರು ಕ್ರಿ.ಪೂ. 586ರಲ್ಲಿ ಸುಟ್ಟರು. ಅವರ ಸೆರೆಯಿಂದ ಮರಳಿದ ಯೆಹೂದಿಗಳು ಕಟ್ಟಿದ್ದು ಎರಡನೆಯದು. ಅದನ್ನು ಹೊಸದಾಗಿ, ಬೆರಗಾಗುವಷ್ಟು ದೊಡ್ಡದಾಗಿ ಎಬ್ಬಿಸಿದವನು ರೋಮನರ ಬೆಂಬಲದಿಂದ ರಾಜನಾಗಿದ್ದ ಹೆರೋದ. ಕ್ರಿ.ಪೂ. 20ರ ಸುಮಾರಿಗೆ ಶುರುವಾದ ಕೆಲಸ ಅವನು ಸತ್ತ ಮೇಲೂ ನಡೆಯುತ್ತಲೇ ಇತ್ತು. ಬೆಟ್ಟದ ತಲೆಗೆ ನಾಲ್ಕು ಸುತ್ತಲೂ ಗೋಡೆ ಕಟ್ಟಿ, ಮಣ್ಣು ತುಂಬಿಸಿ, ಸುಮಾರು 35 ಎಕರೆಯ ಜಗಲಿ ಮಾಡಿದರು. ಅಡಿಕೆ ತೋಟದ ಲೆಕ್ಕದಲ್ಲಿ ಯೋಚಿಸಿ ನೋಡಿ, ಆ ಅಂಗಳದ ಹರವು ಗೊತ್ತಾಗುತ್ತದೆ. ನಮ್ಮದು ಕೆಂಪುಕಲ್ಲಿನ ನಾಡು. ಒಬ್ಬ ಆಳು ಹೊತ್ತು ನಡೆಯುವ ಕಲ್ಲು ನಮ್ಮದು. ಅಲ್ಲಿಯ ಬಿಳಿ ಸುಣ್ಣಕಲ್ಲಿನಲ್ಲಿ 13 ಮೀಟರಿಗೂ ಹೆಚ್ಚು ಉದ್ದದ ಒಂದೇ ಕಲ್ಲು ಇವತ್ತಿಗೂ ಪಶ್ಚಿಮದ ಗೋಡೆಯಲ್ಲಿ ಕೂತಿದೆ. ದಕ್ಷಿಣದ ಅಂಚಿನಲ್ಲಿ 162 ಕಂಬಗಳ ಒಂದು ಮಹಾಮಂಟಪ. ಒಂದು ಕಂಬವನ್ನು ತಬ್ಬಲು ಮೂರು ಜನ ಕೈ ಕೈ ಹಿಡಿಯಬೇಕಿತ್ತೆಂದು ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಹೊರಗಿನ ಅಂಗಳಕ್ಕೆ ಯಾರೂ ಬರಬಹುದಿತ್ತು. ಪರದೇಶಿ, ವ್ಯಾಪಾರಿ, ಸಿಪಾಯಿ, ಎಲ್ಲರೂ. ಅದರಾಚೆ ಕಲ್ಲಿನ ಒಂದು ಗಿಡ್ಡ ಬೇಲಿ. ಅಲ್ಲಿ ಗ್ರೀಕಿನಲ್ಲೂ ಲ್ಯಾಟಿನ್ನಿನಲ್ಲೂ ಕೆತ್ತಿದ ಎಚ್ಚರಿಕೆ: ಅನ್ಯಜನರು ಇದನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ. ಇದು ಬರೀ ಪುಸ್ತಕದ ಮಾತಲ್ಲ. ಗ್ರೀಕ್ ಅಕ್ಷರದ ಅಂಥದೊಂದು ಇಡೀ ಕಲ್ಲು 1871ರಲ್ಲಿ ಫ್ರಾನ್ಸಿನ ಪುರಾತತ್ವಜ್ಞ ಕ್ಲೆರ್ಮೊ-ಗನ್ನೊ ಅವರ ಕಣ್ಣಿಗೆ ಬಿತ್ತು. ಈಗ ಅದು ಇಸ್ತಾಂಬುಲಿನ ಮ್ಯೂಸಿಯಂನಲ್ಲಿದೆ. ಆ ಕಲ್ಲಿನ ಬಗ್ಗೆ ಓದುವಾಗ ನಾನು ದೂರದ ಊರಿನ ಸುದ್ದಿ ಓದುತ್ತಿದ್ದೇನೆ ಅನ್ನಿಸುವುದಿಲ್ಲ. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ನಮ್ಮ ಕಾಸರಗೋಡು ತಾಲೂಕೂ ಸೇರಿ, ಮದ್ರಾಸ್ ಪ್ರಾಂತದ ದೇವಸ್ಥಾನಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯಬೇಕೆಂದು ಕಾಯಿದೆ ಬಂದದ್ದು 1947ರಲ್ಲಿ. ನಮ್ಮಲ್ಲಿ ಕಲ್ಲು ಕೆತ್ತುವ ಅಗತ್ಯವೇ ಇರಲಿಲ್ಲ. ಎಲ್ಲಿ ನಿಲ್ಲಬೇಕೆಂದು ತಾಯಂದಿರು ಮಕ್ಕಳಿಗೆ ಹೇಳಿಕೊಟ್ಟಿರುತ್ತಿದ್ದರು.

ಬೇಲಿ ದಾಟಿ ಒಳಗೆ ಹೋದರೆ ಹೆಂಗಸರ ಅಂಗಳ. ಅಲ್ಲಿ ಗಂಡಸರೂ ಇರುತ್ತಿದ್ದರು, ಆದರೆ ಹೆಂಗಸರು ಸಾಮಾನ್ಯವಾಗಿ ಅದಕ್ಕಿಂತ ಒಳಗೆ ಹೋಗುವಂತಿರಲಿಲ್ಲ. ಅದರ ಅಳತೆಯನ್ನು ಮಿಶ್ನಾ ಕೊಡುತ್ತದೆ. ಮಿಶ್ನಾ ಅಂದರೆ ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ ಯೆಹೂದಿ ಧರ್ಮಶಾಸ್ತ್ರ. ಉದ್ದ 135 ಮೊಳ, ಅಗಲ 135 ಮೊಳ. ನಮ್ಮ ಮೊಳದ ಲೆಕ್ಕದಲ್ಲೇ ತೆಗೆದುಕೊಳ್ಳಿ, ಇನ್ನೂರು ಅಡಿಯ ಚಚ್ಚೌಕ. ಎದುರಿಗೆ ಅರ್ಧಚಂದ್ರದ ಆಕಾರದಲ್ಲಿ ಹದಿನೈದು ಮೆಟ್ಟಿಲು, ಮೆಟ್ಟಿಲ ಮೇಲೆ ಕಂಚಿನ ದೊಡ್ಡ ಬಾಗಿಲು. ಕಾಣಿಕೆ ಪೆಟ್ಟಿಗೆಗಳಿದ್ದದ್ದು ಈ ಅಂಗಳದಲ್ಲಿಯೇ ಇರಬೇಕು. ಹೆಂಗಸೊಬ್ಬಳು ಬಂದು ಹಾಕಬೇಕಾದರೆ ಬೇರೆಲ್ಲಿ?

ಪೆಟ್ಟಿಗೆಗಳು ಹದಿಮೂರು. ಆಕಾರ ಟಗರಿನ ಕೊಂಬಿನ ಕಹಳೆಯದು. ಕಾಸು ಇಳಿಯುವ ಕಡೆ ಕಿರಿದು, ತಳ ಅಗಲ. ಅದಕ್ಕೇ ನಾನು ಮೊದಲು ನಮ್ಮ ಡಬ್ಬಿಯ ಬಾಯಿಯ ಮಾತು ಎತ್ತಿದ್ದು. ಕಹಳೆ ಕಂಚಿನದು, ಉಳ್ಳವರು ಹಾಕಿದಾಗ ದೊಡ್ಡ ಸದ್ದು, ವಿಧವೆ ಹಾಕಿದಾಗ ಸಣ್ಣ ಸದ್ದು ಎಂದು ಪ್ರವಚನ ಹೇಳುವವರು ವರ್ಣಿಸುವುದುಂಟು. ಮಿಶ್ನಾ ಆಕಾರವನ್ನಷ್ಟೇ ಹೇಳುತ್ತದೆ, ಲೋಹದ ಹೆಸರು ಹೇಳುವುದಿಲ್ಲ. ನನಗೆ ಆ ಸದ್ದಿಗಿಂತ ಪೆಟ್ಟಿಗೆಯ ಮೇಲಿನ ಬರಹ ಮುಖ್ಯ. ಒಂದು ಈ ವರ್ಷದ ತೆರಿಗೆಗೆ, ಒಂದು ಹೋದ ವರ್ಷದ ಬಾಕಿಗೆ, ಒಂದು ಸೌದೆಗೆ, ಒಂದು ಧೂಪಕ್ಕೆ, ಒಂದು ಚಿನ್ನಕ್ಕೆ, ಆರು ಇಷ್ಟದ ಕಾಣಿಕೆಗೆ. ಉಳಿದ ಎರಡು ಹಕ್ಕಿಗಳಿಗೆ.

ಈ ಹಕ್ಕಿಯ ಪೆಟ್ಟಿಗೆಯ ಹತ್ತಿರ ನಾನು ಸ್ವಲ್ಪ ನಿಲ್ಲಬೇಕು.

ಗಂಡು ಮಗು ಹುಟ್ಟಿದ ನಲವತ್ತು ದಿನಕ್ಕೆ ತಾಯಿ ದೇವಾಲಯಕ್ಕೆ ಬಂದು ಶುದ್ಧಿಯ ಕಾಣಿಕೆ ಕೊಡಬೇಕು. ನಮ್ಮಲ್ಲಿ ಬಾಣಂತಿಯ ನಲವತ್ತನೆಯ ದಿನಕ್ಕೆ ಎಷ್ಟು ಮಹತ್ವ ಎಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಯ ನಿಯಮ ಒಂದು ಕುರಿಮರಿ, ಒಂದು ಹಕ್ಕಿ. ಕುರಿಮರಿಗೆ ಗತಿ ಇಲ್ಲದವಳು ಎರಡು ಬೆಳವಕ್ಕಿಯನ್ನೋ ಎರಡು ಪಾರಿವಾಳದ ಮರಿಯನ್ನೋ ತರಬಹುದು. ಯೇಸುವಿನ ತಾಯಿ ಮರಿಯಮ್ಮ ಮಗುವನ್ನು ಎತ್ತಿಕೊಂಡು ಬಂದಾಗ ಕೊಟ್ಟದ್ದು ಆ ಹಕ್ಕಿಗಳ ಕಾಣಿಕೆ ಎಂದು ಲೂಕನ ಸುವಾರ್ತೆ ಹೇಳುತ್ತದೆ. ಅಂದರೆ ಬಡವರ ಕಾಣಿಕೆ. ಫೆಬ್ರವರಿ 2ರಂದು ಇಗರ್ಜಿಗಳಲ್ಲಿ ಮೇಣದ ಬತ್ತಿ ಆಶೀರ್ವದಿಸುವುದು ಈ ಘಟನೆಯ ನೆನಪಿಗೇ. ಆ ದಿನ ಮಗುವನ್ನು ಗುರುತಿಸಿದ ಇಬ್ಬರು ಮುದುಕರಲ್ಲಿ ಅನ್ನ ಎಂಬವಳು ವಿಧವೆ. ದೇವಾಲಯ ಬಿಟ್ಟು ಕದಲದವಳು.

ಈ ಹಕ್ಕಿಗಳ ಬೆಲೆಯ ಬಗ್ಗೆ ಮಿಶ್ನಾದಲ್ಲಿ ಒಂದು ಪ್ರಸಂಗ ಇದೆ. ಒಮ್ಮೆ ಜೆರುಸಲೇಮಿನಲ್ಲಿ ಒಂದು ಜೋಡಿ ಹಕ್ಕಿಗೆ ಒಂದು ಚಿನ್ನದ ದಿನಾರ ಆಯಿತಂತೆ. ಒಂದು ಚಿನ್ನದ ದಿನಾರ ಎಂದರೆ ಇಪ್ಪತ್ತೈದು ಬೆಳ್ಳಿಯ ದಿನಾರ, ಒಬ್ಬ ಕೂಲಿಯವನ ತಿಂಗಳ ದುಡಿಮೆ. ಸಿಮೆಯೋನ ಬೆನ್ ಗಮಲಿಯೇಲ ಎಂಬ ಗುರು, ಬೆಲೆ ಇಳಿಯುವ ತನಕ ಈ ರಾತ್ರಿ ಮಲಗುವುದಿಲ್ಲ ಎಂದು ದೇವಾಲಯದ ಮೇಲೆ ಆಣೆ ಇಟ್ಟ. ಐದು ಹೆರಿಗೆ ಆದವಳೂ ಒಂದೇ ಕಾಣಿಕೆ ಕೊಟ್ಟರೆ ಸಾಕು, ಉಳಿದದ್ದು ಅವಳ ಮೇಲೆ ಬಾಕಿ ಇಲ್ಲ ಎಂದು ತೀರ್ಪು ಕೊಟ್ಟ. ಕೊಳ್ಳುವವರು ಕಡಿಮೆಯಾದರು, ಅದೇ ದಿನ ಬೆಲೆ ಬೆಳ್ಳಿಯ ದಿನಾರದ ಅರ್ಧಕ್ಕೆ ಇಳಿಯಿತು. ಈ ಪ್ರಸಂಗವನ್ನು ನಾನು ಬಹಳ ಇಷ್ಟಪಡುತ್ತೇನೆ. ದೇವಾಲಯದಲ್ಲಿ ಬಡವರ ಕಾಣಿಕೆಯೇ ಬಡವರಿಗೆ ಭಾರವಾಯಿತು ಎಂಬುದು ಯೇಸು ಒಬ್ಬನಿಗೆ ಮಾತ್ರ ಕಂಡದ್ದಲ್ಲ. ಆ ಧರ್ಮದ ಒಳಗಿನ ಗುರುಗಳೂ ಅದಕ್ಕಾಗಿ ನಿದ್ದೆಗೆಟ್ಟಿದ್ದಾರೆ. ಯೆಹೂದಿಗಳನ್ನು ಹಳಿಯಲು ಸುವಾರ್ತೆಯ ಈ ಭಾಗವನ್ನು ಬಳಸುವವರು ಇದನ್ನು ಓದಬೇಕು.

ದೇವಾಲಯದ ಗೋಡೆಯ ಬುಡದಲ್ಲಿ 1968ರಿಂದ ಪುರಾತತ್ವಜ್ಞ ಬೆಂಜಮಿನ್ ಮಜಾರ್ ನಡೆಸಿದ ಅಗೆತದಲ್ಲಿ ಒಂದು ಕಲ್ಲಿನ ಪಾತ್ರೆಯ ಚೂರು ಸಿಕ್ಕಿತು. ಅದರ ಮೇಲೆ ‘ಕೊರ್ಬಾನ್’ ಎಂಬ ಒಂದೇ ಶಬ್ದ, ಪಕ್ಕದಲ್ಲಿ ಗೀಚಿದ ಎರಡು ಹಕ್ಕಿ. ಕೊರ್ಬಾನ್ ಎಂದರೆ ದೇವರಿಗೆ ಒಪ್ಪಿಸಿದ್ದು. ಈ ಶಬ್ದ ನಮಗೆ ಪರಕೀಯವಲ್ಲ. ಪೈವಳಿಕೆಯ ಮುಸ್ಲಿಂ ಮನೆಗಳಲ್ಲಿ ಬಕ್ರೀದಿನ ಕುರ್ಬಾನಿ, ನಮ್ಮ ಜಿಲ್ಲೆಯ ಮೂಡಣ ಗುಡ್ಡಗಳಲ್ಲಿ ನೆಲೆಸಿದ ಸುರಿಯಾನಿ ಕ್ರೈಸ್ತರಲ್ಲಿ ಭಾನುವಾರದ ಕುರ್ಬಾನ, ಎಲ್ಲ ಒಂದೇ ಬೇರಿನ ಚಿಗುರು.

ಇನ್ನು ಕಾಸಿನ ಮಾತು. ದೇವಾಲಯದಲ್ಲಿ ಎಲ್ಲ ನಾಣ್ಯವೂ ನಡೆಯುತ್ತಿರಲಿಲ್ಲ. ಇಪ್ಪತ್ತು ತುಂಬಿದ ಪ್ರತಿ ಯೆಹೂದಿ ಗಂಡಸು ವರ್ಷಕ್ಕೆ ಅರ್ಧ ಶೆಕೆಲ್ ತೆರಿಗೆ ಕೊಡಬೇಕು, ಅದು ತೂರ್ ಪಟ್ಟಣದ ಬೆಳ್ಳಿಯಲ್ಲಿಯೇ ಆಗಬೇಕು. ಸುಮಾರು 14 ಗ್ರಾಂ ತೂಗುವ ಆ ಶೆಕೆಲ್‌ನ ಬೆಳ್ಳಿ ಶುದ್ಧ. ಒಂದು ಮುಖದಲ್ಲಿ ಮೆಲ್ಕಾರ್ತ್ ಎಂಬ ಪರದೇವತೆ, ಇನ್ನೊಂದು ಮುಖದಲ್ಲಿ ಹದ್ದು. ವಿಗ್ರಹವೇ ಬೇಡವೆಂದ ದೇವಾಲಯ ಬೆಳ್ಳಿಯ ಶುದ್ಧಿಗಾಗಿ ಈ ಮುಖವನ್ನು ಸಹಿಸಿತು. ಪಸ್ಕ ಹಬ್ಬಕ್ಕೆ ಮೊದಲಿನ ವಾರಗಳಲ್ಲಿ ಚಿನಿವಾರರು ಮೇಜು ಹಾಕಿ ಕೂರುತ್ತಿದ್ದರು. ಊರೂರಿನ ನಾಣ್ಯ ತೆಗೆದುಕೊಂಡು ತೂರಿನ ಬೆಳ್ಳಿ ಕೊಡುವುದು, ನಡುವೆ ಸ್ವಲ್ಪ ವಟ್ಟ ಹಿಡಿಯುವುದು. ಸುವಾರ್ತೆಯ ಇನ್ನೊಂದು ಪ್ರಸಂಗದಲ್ಲಿ ಯೇಸು ದೇವಾಲಯದಲ್ಲಿ ಉರುಳಿಸಿದ್ದು ಈ ಮೇಜುಗಳನ್ನು.

ಅದೇ ದಿನಗಳಲ್ಲಿ ಅದೇ ಅಂಗಳದಲ್ಲಿ ಕೆಲವರು ಅವನನ್ನು ಸಿಕ್ಕಿಸಬೇಕೆಂದು, ರೋಮಿನ ಕೈಸರನಿಗೆ ತೆರಿಗೆ ಕೊಡುವುದು ಸರಿಯೇ ಎಂದು ಕೇಳಿದರು. ಅವನು ಒಂದು ದಿನಾರ ತರಿಸಿ, ಇದರ ಮೇಲಿರುವ ಮುಖ ಯಾರದು ಎಂದು ಮರುಪ್ರಶ್ನೆ ಹಾಕಿದ. ಆಗ ಆಳುತ್ತಿದ್ದ ಕೈಸರ ಟೈಬೀರಿಯಸ್. ಆ ಟೈಬೀರಿಯಸನ ಕಾಲದ ಬೆಳ್ಳಿ ದಿನಾರಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿವೆ. ಕರಿಮೆಣಸಿಗೂ ರತ್ನಕ್ಕೂ ಬದಲಾಗಿ ಕಡಲು ದಾಟಿ ಬಂದ ಹಣ ಅದು. ಜೆರುಸಲೇಮಿನ ಆ ಅಂಗಳದಲ್ಲಿ ಒಬ್ಬನ ಅಂಗೈಯಲ್ಲಿದ್ದ ಮುಖವೇ ಕನ್ನಡ ನಾಡಿನ ಒಂದು ಕಣಿವೆಯಲ್ಲೂ ಮಣ್ಣಿನಡಿ ಮಲಗಿತ್ತು.

ವಿಧವೆಯ ಕೈಯಲ್ಲಿದ್ದದ್ದು ಇವೆರಡೂ ಅಲ್ಲ. ಅವಳ ಎರಡು ಕಾಸಿಗೆ ಗ್ರೀಕಿನಲ್ಲಿ ಲೆಪ್ಟ ಎನ್ನುತ್ತಾರೆ. ತೆಳ್ಳಗಿನದು ಎಂದರ್ಥ. ಆಗ ಚಲಾವಣೆಯಲ್ಲಿದ್ದ ಅತಿ ಸಣ್ಣ ತಾಮ್ರದ ತುಣುಕುಗಳಲ್ಲಿ ಬಹಳಷ್ಟು, ನೂರು ವರ್ಷ ಹಿಂದೆ ಆಳಿದ ಅಲೆಕ್ಸಾಂಡರ್ ಯನ್ನಾಯ ಎಂಬ ಯೆಹೂದಿ ರಾಜನವು. ಒಂದು ಕಡೆ ಲಂಗರು, ಒಂದು ಕಡೆ ನಕ್ಷತ್ರ, ಎರಡೂ ಸವೆದು ಹೋದವು. ತೂಕ ಒಂದು ಗ್ರಾಂ ಆಚೆ ಈಚೆ. ಎರಡು ಲೆಪ್ಟ ಸೇರಿದರೆ ರೋಮಿನ ಒಂದು ಕ್ವಾಡ್ರನ್ಸ್ ಎಂದು ಮಾರ್ಕನೇ ವಿವರಿಸುತ್ತಾನೆ. ಅಂಥ 64 ಸೇರಿದರೆ ಒಂದು ದಿನಾರ. ಒಂದು ದಿನಾರ ಒಂದು ದಿನದ ಕೂಲಿ. ನಮ್ಮಲ್ಲಿ ದಿನಕ್ಕೆ 640 ರೂಪಾಯಿ ಕೂಲಿ ಎಂದು ಇಟ್ಟುಕೊಂಡರೆ ಅವಳು ಹಾಕಿದ್ದು ಹತ್ತು ರೂಪಾಯಿ, ಐದರ ಎರಡು ನಾಣ್ಯ. ಎರಡು ಇತ್ತು ಎಂಬುದನ್ನು ಗಮನಿಸಿ. ಒಂದನ್ನು ಉಳಿಸಿಕೊಳ್ಳಬಹುದಿತ್ತು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕಾಣಿಕೆ ಎತ್ತುವ ದಿನ ಈ ಕಥೆಯನ್ನು ಹೇಳುವುದು ವಾಡಿಕೆ. ಅವಳನ್ನು ನೋಡಿ, ನೀವೂ ಕೊಡಿ ಎಂದು. ಅವಳ ಮನಸ್ಸು ದೊಡ್ಡದು, ಅದರಲ್ಲಿ ಸಂಶಯ ಇಲ್ಲ. ಆದರೆ ಯೇಸು, ಹೋಗಿ ಹಾಗೆಯೇ ಮಾಡಿರಿ ಎಂದು ಎಲ್ಲಿಯೂ ಹೇಳಲಿಲ್ಲ. ಅವಳು ಬರುವ ಮೊದಲು ಅವನು ಆಡಿದ ಕೊನೆಯ ಮಾತು ಯಾವುದು? ನಿಲುವಂಗಿ ತೊಟ್ಟು ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳು ವಿಧವೆಯರ ಮನೆಗಳನ್ನು ನುಂಗುತ್ತಾರೆ ಎಂದು. ಅವಳು ಹೋದ ಮೇಲೆ? ಎಂಥಾ ಕಲ್ಲುಗಳು, ಎಂಥಾ ಕಟ್ಟಡ ಎಂದು ಬೆರಗಾದ ಶಿಷ್ಯನಿಗೆ, ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದು ಎಂದು. ಈ ಎರಡು ಮಾತುಗಳ ನಡುವೆ ಮಾರ್ಕ ಅವಳನ್ನು ನಿಲ್ಲಿಸಿದ್ದಾನೆ. ಅದು ಹೊಗಳಿಕೆಯೋ ಮರುಕವೋ ಎಂದು ಆಡಿಸನ್ ರೈಟ್ ಎಂಬ ಬೈಬಲ್ ವಿದ್ವಾಂಸರು 1982ರಲ್ಲಿ ಒಂದು ಲೇಖನ ಬರೆದು ಕೇಳಿದರು. ಅವರ ಉತ್ತರ ಮರುಕ ಎಂಬುದೇ. ನನ್ನದೂ ಅದೇ.

ಇದಕ್ಕೆ ಇನ್ನೊಂದು ಎಳೆ ಸೇರಿಸುತ್ತೇನೆ. ಮೇಜು ಉರುಳಿಸಿದಾಗ ಯೇಸು ದೇವಾಲಯವನ್ನು ಕಳ್ಳರ ಗವಿ ಎಂದನಲ್ಲ, ಅದು ಅವನಿಗಿಂತ ಆರುನೂರು ವರ್ಷ ಹಿಂದೆ ಪ್ರವಾದಿ ಯೆರೆಮೀಯ ಮೊದಲನೆಯ ದೇವಾಲಯದ ಬಾಗಿಲಲ್ಲಿ ನಿಂತು ಆಡಿದ ಮಾತು. ಯೆರೆಮೀಯ ಅಲ್ಲಿ ಪರದೇಶಿಯನ್ನು, ತಬ್ಬಲಿಯನ್ನು, ವಿಧವೆಯನ್ನು ಹಿಂಸಿಸಬೇಡಿ ಎಂದು ಹೇಳಿ, ಆಮೇಲೆ ಕಳ್ಳರ ಗವಿ ಎಂದು, ಕೊನೆಗೆ ಈ ಮನೆ ಹಾಳಾಗುವುದು ಎಂದ. ಮಾರ್ಕನಲ್ಲಿಯೂ ಅವೇ ಮೂರು ಇವೆ: ಗವಿ, ವಿಧವೆ, ಹಾಳು. ಆ ಬಡವಿ ಅಂಗಳಕ್ಕೆ ಬರುವ ಮೊದಲೇ ಯೆರೆಮೀಯನ ಮಾತಿನಲ್ಲಿ ಬಂದು ನಿಂತಿದ್ದಳು.

ಅನ್ಯಾಯ ಆಗದಿರಲಿ ಎಂದು ಇದನ್ನೂ ಹೇಳಬೇಕು. ಅದೇ ದೇವಾಲಯದಲ್ಲಿ ಗುಟ್ಟಿನ ಕೋಣೆ ಎಂದೊಂದಿತ್ತು. ಪಾಪಭೀರುಗಳು ಯಾರಿಗೂ ಕಾಣದ ಹಾಗೆ ಅಲ್ಲಿ ಹಣ ಇಡುತ್ತಿದ್ದರು, ಬಾಳಿ ಬಡವಾದ ಮನೆತನದವರು ಯಾರಿಗೂ ಕಾಣದ ಹಾಗೆ ತೆಗೆದುಕೊಳ್ಳುತ್ತಿದ್ದರು. ವಿಧವೆಯರು, ತಬ್ಬಲಿಗಳು ತಮ್ಮ ಹಣವನ್ನು ಕಾಪಿಡಲು ದೇವಾಲಯದ ಭಂಡಾರಕ್ಕೇ ಕೊಡುತ್ತಿದ್ದರೆಂದು ಮಕ್ಕಬಿಯರ ಎರಡನೆಯ ಗ್ರಂಥದಲ್ಲಿದೆ. ವಿಧವೆಗೆ ಕೊಡಬೇಕೆಂದು ಧರ್ಮಶಾಸ್ತ್ರ ಮತ್ತೆ ಮತ್ತೆ ಹೇಳುತ್ತದೆ, ಅವಳಿಂದ ತೆಗೆದುಕೊಳ್ಳಬೇಕೆಂದಲ್ಲ. ನೋವು ಇರುವುದು ಇಲ್ಲಿಯೇ. ಬಡವರ ಕೈಯಿಂದಲೇ ಹೆಚ್ಚು ಹೋದದ್ದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಮ್ಮ ಕ್ರೈಸ್ತ ಬಂಧುಗಳು ಹೊಸ ತೆನೆ ತರುವ ಹಾಗೆ, ನಾವು ತೆನೆ ಕಟ್ಟಿ ಹೊಸತು ಉಣ್ಣುವ ಹಾಗೆ, ಅಲ್ಲಿಯವರೂ ಮೊದಲ ಫಲವನ್ನು ಕೊಳಲೂದಿಕೊಂಡು ಮೆರವಣಿಗೆಯಲ್ಲಿ ತರುತ್ತಿದ್ದರು. ಉಳ್ಳವರು ಬೆಳ್ಳಿ ಚಿನ್ನದ ಬುಟ್ಟಿಯಲ್ಲಿ, ಬಡವರು ಸಿಪ್ಪೆ ಸುಲಿದ ಬೆತ್ತದಂಥ ಕಡ್ಡಿಯ ಬುಟ್ಟಿಯಲ್ಲಿ. ಉಳ್ಳವರ ಬುಟ್ಟಿ ವಾಪಸು ಸಿಗುತ್ತಿತ್ತು, ಬಡವರ ಬುಟ್ಟಿ ಫಲದೊಂದಿಗೆ ಯಾಜಕರಿಗೇ ಹೋಗುತ್ತಿತ್ತು ಎಂದು ಯೆಹೂದಿಗಳ ಇನ್ನೊಂದು ಧರ್ಮಗ್ರಂಥ ತಾಲ್ಮುದ್ ನೆನಪಿಟ್ಟಿದೆ.

ಕಲ್ಲಿನ ಮೇಲೆ ಕಲ್ಲು ಉಳಿಯದು ಎಂದು ಯೇಸು ಹೇಳಿ ಸುಮಾರು ನಲವತ್ತು ವರ್ಷವಾದ ಮೇಲೆ, ಕ್ರಿ.ಶ. 70ರಲ್ಲಿ, ರೋಮಿನ ಸೇನಾಪತಿ ಟೈಟಸನ ಸೈನ್ಯ ದೇವಾಲಯಕ್ಕೆ ಬೆಂಕಿ ಇಟ್ಟಿತು. ಭಂಡಾರದ ಕೋಣೆಗಳೂ ಉರಿದವು. ಸಿಪಾಯಿಗಳು ದೋಚಿದ ಚಿನ್ನ ಎಷ್ಟೆಂದರೆ ಸಿರಿಯದ ಪೇಟೆಯಲ್ಲಿ ಚಿನ್ನದ ಬೆಲೆ ಅರ್ಧಕ್ಕೆ ಇಳಿಯಿತೆಂದು ಜೋಸೆಫಸ್ ಬರೆಯುತ್ತಾನೆ. ಯೆಹೂದಿಗಳು ದೇವಾಲಯಕ್ಕೆ ಕೊಡುತ್ತಿದ್ದ ತೆರಿಗೆಯನ್ನು ಅಲ್ಲಿಂದ ಮುಂದೆ ರೋಮಿನ ಜುಪಿಟರ್ ಗುಡಿಗೆ ಕೊಡಬೇಕಾಯಿತು. ದೀಪಸ್ತಂಭವನ್ನೂ ಕಹಳೆಗಳನ್ನೂ ಹೊತ್ತು ಸಾಗಿಸುವ ಮೆರವಣಿಗೆಯ ಕೆತ್ತನೆ ರೋಮಿನಲ್ಲಿ ಟೈಟಸನ ಕಮಾನಿನ ಮೇಲೆ ಈಗಲೂ ಇದೆ.

ತಾಮ್ರದ ಕಾಸನ್ನು ಯಾವ ಸಿಪಾಯಿಯೂ ಬಗ್ಗಿ ಎತ್ತಿಕೊಂಡಿರಲಾರ. ಆ ಪಟ್ಟಣದಲ್ಲಿ ಎಲ್ಲಿ ಅಗೆದರೂ ಅವು ಸಿಗುತ್ತವೆ. ಹಸಿರು ಹಿಡಿದು, ಉಗುರಿನಷ್ಟಾಗಿ, ಲಂಗರು ಯಾವ ಕಡೆ ನಕ್ಷತ್ರ ಯಾವ ಕಡೆ ಎಂದು ಬೆರಳಿನಿಂದ ತಡವಿಯೇ ತಿಳಿಯಬೇಕಾದ ಕಾಸುಗಳು.